ದಸರಾ ರಜೆಗೆ ಕ್ರೀಟ್ ದ್ವೀಪ: ಮಕ್ಕಳು, ಅಜ್ಜಿ ಎಲ್ಲರನ್ನೂ ಕರೆದುಕೊಂಡು ಹೋಗುವವರಿಗೆ

ಗ್ರೀಸ್‌ಗೆ ಹೋಗಬೇಕು ಅಂದ ಕೂಡಲೇ ನಮ್ಮವರು ಹಾಕುವ ಪ್ಲಾನ್ ಒಂದೇ ಥರ ಇರುತ್ತದೆ. ಅಥೆನ್ಸ್ ಎರಡು ದಿನ, ಮಿಕೊನೊಸ್ ಎರಡು ದಿನ, ಸ್ಯಾಂಟೊರಿನಿ ಎರಡು ದಿನ, ವಾಪಸ್. ಹೊಸದಾಗಿ ಮದುವೆ ಆದವರಿಗೆ ಅದು ಸರಿ. ಮಕ್ಕಳಿರುವ ಮನೆಯವರು ಆ ತಪ್ಪು ಮಾಡಬೇಡಿ. ನಾವು ಮಾಡಿದ್ದೆವು. ಜುಲೈ ಕೊನೆ, ಎಂಟು ದಿನ, ಮೂರು ದ್ವೀಪ, ನಾಲ್ಕು ಮತ್ತು ಎಂಟು ವರ್ಷದ ಇಬ್ಬರು ಮಕ್ಕಳು, ಜೊತೆಗೆ ಮಂಡಿ ನೋವಿನ ಅಮ್ಮ. ಗಾಳಿ ಜೋರಾಗಿ ಹಡಗು ರದ್ದಾಯಿತು, ಬಂದರಿನ ಬಿಸಿಲಲ್ಲಿ ಸೂಟ್‌ಕೇಸ್ ಮೇಲೆ ಅರ್ಧ ದಿನ ಕೂತೆವು. 'ಮಲ್ಪೆಗೆ ಹೋಗಿದ್ದರೆ ಇಷ್ಟು ಹೊತ್ತಿಗೆ ಸ್ನಾನ ಮುಗಿಸಿ ಊಟಾನೂ ಆಗಿರ್ತಿತ್ತು' ಅಂದರು ಅಮ್ಮ. ಏನು ಹೇಳೋದು, ನಿಜವೇ ಅಲ್ವಾ?

ಎರಡು ವರ್ಷ ಬಿಟ್ಟು ಮತ್ತೆ ಹೋದೆವು. ಈ ಸಲ ದಸರಾ ರಜೆಗೆ, ಒಂದೇ ದ್ವೀಪ, ಒಂದೇ ಊರು, ಒಂದೇ ರೂಮು, ಎಂಟು ರಾತ್ರಿ. ಹಾಗೆ ಹೋಗುವುದು ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಯಾಕೆ ದಸರಾ

ನಮ್ಮ ಮಕ್ಕಳಿಗೆ ದೊಡ್ಡ ರಜೆ ಇರುವುದು ಏಪ್ರಿಲ್-ಮೇನಲ್ಲಿ. ಆದರೆ ಆಗ ಅಲ್ಲಿನ ಸಮುದ್ರ ತಣ್ಣಗೆ ಕೊರೆಯುತ್ತಿರುತ್ತದೆ. ಮೇ ಕೊನೆಗೂ ಕ್ರೀಟ್ ಸುತ್ತಲಿನ ನೀರು 20 ಡಿಗ್ರಿ ಆಸುಪಾಸು. ಜರ್ಮನಿಯವರು, ಇಂಗ್ಲೆಂಡಿನವರು ಖುಷಿಯಾಗಿ ಧುಮುಕುತ್ತಾರೆ, ಆದರೆ ಮಲ್ಪೆ, ಗೋಕರ್ಣದ ಬೆಚ್ಚಗಿನ ನೀರಿನಲ್ಲಿ ಆಡಿ ಅಭ್ಯಾಸ ಇರುವ ನಮ್ಮ ಮಕ್ಕಳು ಮೊಣಕಾಲುದ್ದ ಇಳಿದು ಹಲ್ಲು ಕಡಿಯುತ್ತಾ ವಾಪಸ್ ಬರುತ್ತವೆ. ಜುಲೈ-ಆಗಸ್ಟ್‌ನಲ್ಲಿ ನೀರು ಚೆನ್ನಾಗಿರುತ್ತದೆ, ಆದರೆ ಇಡೀ ಯುರೋಪ್ ಅಲ್ಲಿಗೇ ಬಂದಿರುತ್ತದೆ, ರೂಮಿನ ಬೆಲೆ ತಲೆ ತಿರುಗಿಸುತ್ತದೆ. ಆಗಸ್ಟ್ 15 ಅವರಿಗೆ ದೊಡ್ಡ ಹಬ್ಬ ಬೇರೆ. ಅದೇ ತಿಂಗಳುಗಳಲ್ಲಿ ಉತ್ತರದಿಂದ ಮೆಲ್ತೆಮಿ ಅನ್ನುವ ಗಾಳಿ ದಿನಗಟ್ಟಲೆ ಬೀಸುತ್ತದೆ. ನಮ್ಮ ಹಡಗು ರದ್ದಾಗಿದ್ದು ಅದರಿಂದಲೇ.

ಸಮುದ್ರ ನಿಧಾನಕ್ಕೆ ಕಾಯುತ್ತದೆ, ನಿಧಾನಕ್ಕೇ ಆರುತ್ತದೆ. ಅದಕ್ಕೇ ಅಕ್ಟೋಬರ್ ಮೊದಲ ವಾರದಲ್ಲೂ ನೀರು 24 ಡಿಗ್ರಿ ಹತ್ತಿರ ಇರುತ್ತದೆ, ಮೇ ತಿಂಗಳಿಗಿಂತ ಬೆಚ್ಚಗೆ. ಬಿಸಿಲು ಹಿತವಾಗಿರುತ್ತದೆ. ಒಂದೆರಡು ದಿನ ಮಳೆ ಬರಬಹುದು, ಅದಕ್ಕೆ ತಯಾರಿರಿ. ಒಂದು ಎಚ್ಚರಿಕೆ: ಅಧಿಕ ಮಾಸ ಬಂದ ವರ್ಷ ದಸರಾ ತಡವಾಗುತ್ತದೆ. 2026ರಲ್ಲಿ ವಿಜಯದಶಮಿ ಅಕ್ಟೋಬರ್ 20ರ ಹೊತ್ತಿಗೆ ಬರುತ್ತದೆ. ಅಂಥ ವರ್ಷ ರಜೆಯ ಮೊದಲ ದಿನಗಳಲ್ಲೇ ಹೊರಟುಬಿಡಿ, ಯಾಕಂದರೆ ಅಕ್ಟೋಬರ್ ಕೊನೆಗೆ ಅಲ್ಲಿನ ಬೀಚ್ ಹೋಟೆಲುಗಳು ಒಂದೊಂದಾಗಿ ಬಾಗಿಲು ಹಾಕಲು ಶುರು ಮಾಡುತ್ತವೆ. ಬುಕ್ ಮಾಡುವಾಗ 'ನಮ್ಮ ಕೊನೆಯ ದಿನದವರೆಗೂ ಈಜುಕೊಳ, ಅಡುಗೆಮನೆ ಎಲ್ಲ ತೆರೆದಿರುತ್ತಾ' ಅಂತ ಇಮೇಲ್ ಹಾಕಿ ಕೇಳಿ.

ಜರ್ಮನಿಯಲ್ಲಿರುವ ಕನ್ನಡದವರಿಗೆ ಇನ್ನೂ ಸುಲಭ. ಬಹಳ ರಾಜ್ಯಗಳಲ್ಲಿ ಶರತ್ಕಾಲದ ಶಾಲಾ ರಜೆ ಅಕ್ಟೋಬರ್‌ನಲ್ಲೇ ಬರುತ್ತದೆ, ಅಲ್ಲಿಂದ ಕ್ರೀಟ್‌ಗೆ ನೇರ ವಿಮಾನವೂ ಇದೆ.

ಯಾವ ಊರು

ಕ್ರೀಟ್ ಗ್ರೀಸಿನ ಅತಿ ದೊಡ್ಡ ದ್ವೀಪ. ಪೂರ್ವದಿಂದ ಪಶ್ಚಿಮಕ್ಕೆ ಸುಮಾರು 260 ಕಿಲೋಮೀಟರ್. ಮ್ಯಾಪಿನಲ್ಲಿ ಚಿಕ್ಕದಾಗಿ ಕಾಣುತ್ತದೆ ಅಂತ ಇಡೀ ದ್ವೀಪ ಸುತ್ತಲು ಹೋಗಬೇಡಿ, ರಸ್ತೆಗಳು ನಮ್ಮ ಘಾಟಿಗಳ ಹಾಗೆ ಸುತ್ತಿ ಸುತ್ತಿ ಹೋಗುತ್ತವೆ. ವಿಮಾನ ನಿಲ್ದಾಣ ಇರುವುದು ಮುಖ್ಯವಾಗಿ ಎರಡು ಊರಲ್ಲಿ, ಹೆರಾಕ್ಲಿಯಾನ್ ಮತ್ತು ಹಾನ್ಯಾ. ಇಂಗ್ಲಿಷಿನಲ್ಲಿ ಬರೆದದ್ದನ್ನು ನೋಡಿ 'ಚಾನಿಯಾ' ಅಂದರೆ ಟ್ಯಾಕ್ಸಿಯವರು ನಗುತ್ತಾರೆ.

ನನ್ನ ಆಯ್ಕೆ ಇವೆರಡೂ ಅಲ್ಲ. ನಡುವೆ ರೆಥಿಮ್ನೊ ಅಂತ ಇದೆ. ಹಾನ್ಯಾದಿಂದ ಸುಮಾರು 60, ಹೆರಾಕ್ಲಿಯಾನ್‌ನಿಂದ ಸುಮಾರು 80 ಕಿಲೋಮೀಟರ್. ಇದನ್ನೇ ಯಾಕೆ ಹೇಳುತ್ತೇನೆ ಅಂದರೆ, ಮರಳಿನ ದಂಡೆ ಊರಿನ ಮಗ್ಗುಲಿಗೇ ಶುರುವಾಗಿ ಪೂರ್ವಕ್ಕೆ ಕಿಲೋಮೀಟರುಗಟ್ಟಲೆ ಹೋಗುತ್ತದೆ. ಇನ್ನೊಂದು ಪಕ್ಕಕ್ಕೆ ವೆನಿಸ್‌ನವರು 1570ರ ದಶಕದಲ್ಲಿ ಕಟ್ಟಲು ಶುರು ಮಾಡಿದ ಕೋಟೆ, ಅದರ ಬುಡದಲ್ಲಿ ಹಳೇ ಪೇಟೆಯ ಓಣಿಗಳು. ಬೆಳಿಗ್ಗೆ ಸಮುದ್ರ, ಮಧ್ಯಾಹ್ನ ನಿದ್ದೆ, ಸಂಜೆ ಪೇಟೆ ಸುತ್ತಾಟ, ಎಲ್ಲದಕ್ಕೂ ಕಾಲ್ನಡಿಗೆ ಸಾಕು. ಕಾರು ಹತ್ತಿ ಇಳಿಯುವ ಗಲಾಟೆ ಇಲ್ಲ. ಮಕ್ಕಳ ಜೊತೆ ಹೋದಾಗ ಇದರ ಬೆಲೆ ಗೊತ್ತಾಗುತ್ತದೆ.

ಊಟ-ತಿಂಡಿ ಎಲ್ಲ ರೂಮಿನ ಬೆಲೆಯಲ್ಲೇ ಸೇರಿರುವ ದೊಡ್ಡ ಆಲ್-ಇನ್‌ಕ್ಲೂಸಿವ್ ರೆಸಾರ್ಟುಗಳು ಬಹುಪಾಲು ಊರಿನಿಂದ ಪೂರ್ವಕ್ಕೆ, ಸ್ಫಕಾಕಿ, ಪನೊರ್ಮೊ ಕಡೆ ಇವೆ. ಕೈಗೆ ಪಟ್ಟಿ ಕಟ್ಟಿಸಿಕೊಂಡು ವಾರವೆಲ್ಲ ಒಳಗೇ ಇರುವುದು ಕೆಲವರಿಗೆ ಇಷ್ಟ. ಬಫೆಯಲ್ಲಿ ಸಸ್ಯಾಹಾರಿಗಳಿಗೆ ಏನಾದರೂ ಸಿಕ್ಕೇ ಸಿಗುತ್ತದೆ, ಅದೂ ನಿಜ. ನನಗೆ ಮಾತ್ರ ಮೂರನೇ ದಿನಕ್ಕೆ ಅದು ಮದುವೆ ಮನೆಯ ಉಳಿದ ಊಟದ ಹಾಗೆ ಅನ್ನಿಸುತ್ತದೆ. ನಮ್ಮಂಥವರಿಗೆ ಹೊಂದುವುದು ಬೀಚ್ ರಸ್ತೆಯ ಸಣ್ಣ ಅಪಾರ್ಟ್‌ಮೆಂಟ್ ಹೋಟೆಲು: ಎರಡು ಒಲೆ, ಒಂದು ಫ್ರಿಜ್, ಬಟ್ಟೆ ಒಣಗಿಸಲು ಬಾಲ್ಕನಿ. ಹಿರಿಯರಿದ್ದರೆ ಲಿಫ್ಟ್ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ. ಹಳೇ ಪೇಟೆಯ ಮನೆಗಳು ಫೋಟೋದಲ್ಲಿ ಬಹಳ ಚೆಂದ, ಆದರೆ ಮೆಟ್ಟಿಲುಗಳು ಏಣಿಯಷ್ಟು ಕಡಿದು, ರಾತ್ರಿ ಕೆಳಗಡೆ ಗದ್ದಲ ಬೇರೆ.

ರೂಮಿನ ಬಿಲ್ ಕಟ್ಟಿದ ಮೇಲೂ ಒಂದು ಖರ್ಚು ಉಳಿದಿರುತ್ತದೆ. ಗ್ರೀಸ್ ಸರ್ಕಾರ ರೂಮಿಗೆ, ರಾತ್ರಿಗೆ ಇಷ್ಟು ಅಂತ ಹವಾಮಾನ ಶುಲ್ಕ ಹಾಕುತ್ತದೆ. 2025ರಿಂದ ಏಪ್ರಿಲ್-ಅಕ್ಟೋಬರ್ ಅವಧಿಗೆ ಮೂರು ಸ್ಟಾರ್ ಆದರೆ 5 ಯೂರೊ, ನಾಲ್ಕಾದರೆ 10, ಐದಾದರೆ 15. ಐದು ಸ್ಟಾರ್‌ನಲ್ಲಿ ಎಂಟು ರಾತ್ರಿ ಅಂದರೆ ಅಲ್ಲೇ 120 ಯೂರೊ, ಎರಡು ರೂಮಾದರೆ ಅದರ ಎರಡರಷ್ಟು. ಆನ್‌ಲೈನ್ ಬೆಲೆಯಲ್ಲಿ ಇದು ಸಾಮಾನ್ಯವಾಗಿ ಸೇರಿರುವುದಿಲ್ಲ, ಹೋಟೆಲಲ್ಲೇ ಕೇಳುತ್ತಾರೆ.

ವೀಸಾ ಮತ್ತು ದಾರಿ

ಭಾರತದ ಪಾಸ್‌ಪೋರ್ಟ್ ಇದ್ದರೆ ಶೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ) ಬೇಕು. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, 15 ದಿನಕ್ಕಿಂತ ತಡ ಮಾಡುವ ಹಾಗಿಲ್ಲ. ದಸರಾಗೆ ಹೋಗುವವರು ಜೂನ್-ಜುಲೈನಲ್ಲೇ ಸ್ಲಾಟ್ ಹಿಡಿಯಲು ಶುರು ಮಾಡಿ. 2024ರ ಜೂನ್‌ನಿಂದ ಶುಲ್ಕ ದೊಡ್ಡವರಿಗೆ 90 ಯೂರೊ, 6ರಿಂದ 11 ವರ್ಷದ ಮಕ್ಕಳಿಗೆ 45, ಆರಕ್ಕಿಂತ ಚಿಕ್ಕವರಿಗೆ ಇಲ್ಲ. ಅರ್ಜಿ ಕೇಂದ್ರದವರ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೊ ಚಿಕಿತ್ಸೆ ಖರ್ಚು ಭರಿಸುವ ಪ್ರಯಾಣ ವಿಮೆ ಕಡ್ಡಾಯ. ಮಕ್ಕಳ ಜನನ ಪ್ರಮಾಣಪತ್ರ ಇಟ್ಟುಕೊಳ್ಳಿ. ಅಪ್ಪ ಅಮ್ಮರಲ್ಲಿ ಒಬ್ಬರು ಬರುತ್ತಿಲ್ಲ ಅಂದರೆ ಅವರ ಒಪ್ಪಿಗೆ ಪತ್ರ ನೋಟರಿ ಮಾಡಿಸಿ. ವೀಸಾ ಕೈಗೆ ಬರುವವರೆಗೆ ವಾಪಸ್ ಮಾಡಲಾಗದ ಟಿಕೆಟ್ ತೆಗೆಯಬೇಡಿ, ರೂಮನ್ನೂ ರದ್ದು ಮಾಡಬಹುದಾದದ್ದೇ ಬುಕ್ ಮಾಡಿ.

ಬೆಂಗಳೂರಿನಿಂದ ದೋಹಾ, ದುಬೈ, ಅಬುಧಾಬಿ ಅಥವಾ ಇಸ್ತಾಂಬುಲ್ ಮೇಲೆ ಅಥೆನ್ಸ್. ಅಲ್ಲಿಂದ ಮುಂದಕ್ಕೆ ಎರಡು ದಾರಿ. ವಿಮಾನ ಆದರೆ ಒಂದು ಗಂಟೆಯೊಳಗೆ ಕ್ರೀಟ್. ಆದರೆ ಟಿಕೆಟ್ ಬೇರೆ ಬೇರೆ ತೆಗೆದಿದ್ದರೆ ನಡುವೆ ನಾಲ್ಕು ಗಂಟೆಯಾದರೂ ಬಿಡಿ. 2025ರ ಅಕ್ಟೋಬರ್ 12ರಿಂದ ಶೆಂಗೆನ್ ಗಡಿಗಳಲ್ಲಿ ಬೆರಳಚ್ಚು, ಫೋಟೋ ತೆಗೆದುಕೊಳ್ಳುವ ಹೊಸ ವ್ಯವಸ್ಥೆ ಶುರುವಾಗಿದೆ (12 ವರ್ಷದೊಳಗಿನವರಿಗೆ ಬೆರಳಚ್ಚು ಇಲ್ಲ, ಬರೀ ಫೋಟೋ), ಅದಕ್ಕೆ ಕ್ಯೂ ಉದ್ದ ಆಗಬಹುದು.

ಇನ್ನೊಂದು ದಾರಿ ರಾತ್ರಿ ಹಡಗು. ನನಗೆ ಇದೇ ಇಷ್ಟ. ಅಥೆನ್ಸ್ ವಿಮಾನ ನಿಲ್ದಾಣದಿಂದ ಮೆಟ್ರೊದ ನೀಲಿ ಮಾರ್ಗ ಸೀದಾ ಪಿರೇಯಸ್ ಬಂದರಿಗೆ ಹೋಗುತ್ತದೆ, ಸುಮಾರು ಒಂದು ಗಂಟೆ. ರಾತ್ರಿ ಒಂಬತ್ತರ ಸುಮಾರಿಗೆ ಹಡಗು ಬಿಟ್ಟರೆ ಬೆಳಗಿನ ಜಾವ ಕ್ರೀಟ್. ನಾಲ್ಕು ಮಂಚದ ಕ್ಯಾಬಿನ್ ತೆಗೆದುಕೊಳ್ಳಿ, ಮಕ್ಕಳಿಗೆ ಮೇಲಿನ ಬರ್ತಿಗೆ ಜಗಳ, ನಮ್ಮ ರೈಲಿನ ಹಾಗೇ. ಒಂದು ರಾತ್ರಿಯ ಹೋಟೆಲ್ ಖರ್ಚೂ ಉಳಿಯುತ್ತದೆ. ಹಡಗು ಸೇರುವುದು ಹೆರಾಕ್ಲಿಯಾನ್‌ಗೆ ಅಥವಾ ಹಾನ್ಯಾ ಪಕ್ಕದ ಸೂದಾ ಬಂದರಿಗೆ. ಅಲ್ಲಿಂದ ಊರಿಗೆ ಹೋಗಿ ಕ್ತೆಲ್ ಬಸ್ ಹಿಡಿದರೆ ರೆಥಿಮ್ನೊ. ಕ್ತೆಲ್ ಅಂದರೆ ನಮ್ಮ ಕೆಎಸ್ಸಾರ್ಟಿಸಿ ಇದ್ದ ಹಾಗೆ, ಊರಿಂದೂರಿಗೆ ಓಡುವ ಬಸ್ಸು.

ಎಂಟೂ ದಿನ ಕಾರು ಬಾಡಿಗೆಗೆ ತೆಗೆಯುವುದು ದಂಡ. ಎರಡು ದಿನಕ್ಕೆ ಸಾಕು. ಊರು ಬಿಡುವ ಮುಂಚೆ ಆರ್‌ಟಿಓದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಿ. ಮಕ್ಕಳ ಸೀಟನ್ನು ಮೊದಲೇ ಹೇಳಿಡಿ. ಆಟೊಮ್ಯಾಟಿಕ್ ಬೇಕೆಂದರೆ ಬೇಗ ಬುಕ್ ಮಾಡಿ, ಗೇರಿನ ಕಾರುಗಳೇ ಜಾಸ್ತಿ. ಅಲ್ಲಿ ಓಡಿಸುವುದು ರಸ್ತೆಯ ಬಲಕ್ಕೆ. ಮೊದಲ ಅರ್ಧ ಗಂಟೆ ನೀವು ಇಂಡಿಕೇಟರ್ ಹಾಕಲು ಹೋದಾಗಲೆಲ್ಲ ವೈಪರ್ ಆಡುತ್ತದೆ, ಗಾಬರಿಯಾಗಬೇಡಿ, ಎಲ್ಲರಿಗೂ ಆಗುವುದೇ. ಹೆದ್ದಾರಿಯಲ್ಲಿ ನಿಧಾನ ಹೋಗುವವರು ಬಲಗಡೆ ಅಂಚಿಗೆ ಸರಿದು ಹಿಂದಿನವರಿಗೆ ದಾರಿ ಬಿಡುವುದು ಅಲ್ಲಿನ ರೂಢಿ.

ಹೊಟ್ಟೆಪಾಡು

ಎಲ್ಲರೂ ಹೆದರುವುದು ಇದಕ್ಕೇ, ನಿಜವಾಗಿ ಸುಲಭ ಇರುವುದೂ ಇದೇ. ಸಸ್ಯಾಹಾರಿಗಳಿಗೆ ಗ್ರೀಸ್‌ನಷ್ಟು ಒಳ್ಳೆಯ ಜಾಗ ಯುರೋಪಿನಲ್ಲಿ ನನಗೆ ಇನ್ನೊಂದು ಸಿಕ್ಕಿಲ್ಲ. ಕಾರಣ ಏನಂದರೆ ಅವರ ಆರ್ಥೊಡಾಕ್ಸ್ ಕ್ರೈಸ್ತ ಪಂಥದಲ್ಲಿ ವರ್ಷದ ಎಷ್ಟೋ ದಿನ ಉಪವಾಸ. ಅಂದರೆ ಮಾಂಸ, ಹಾಲು, ಮೊಟ್ಟೆ ಇಲ್ಲದ ಊಟ. ಹಾಗಾಗಿ ತರಕಾರಿ, ಕಾಳು, ಸೊಪ್ಪಿನ ಅಡುಗೆ ಅವರ ಅಜ್ಜಿಯರಿಗೆಲ್ಲ ಕರಗತ. ಆ ಊಟಕ್ಕೆ 'ನಿಸ್ತಿಸಿಮೊ' ಅನ್ನುತ್ತಾರೆ. ಈ ಮಾತು ಕಲಿತಿರಿ, ಆದರೆ ಕಣ್ಣು ಮುಚ್ಚಿ ನಂಬಬೇಡಿ: ಅವರ ಉಪವಾಸಕ್ಕೆ ಸೀಗಡಿ, ಸ್ಕ್ವಿಡ್ ನಡೆಯುತ್ತದೆ!

ಏನು ತಿನ್ನಬಹುದು? ಫಾವಾ ತರಿಸಿ. ಹಳದಿ ಬೇಳೆ ಬೇಯಿಸಿ ನುಣ್ಣಗೆ ಮಾಡಿ ಮೇಲೆ ಆಲಿವ್ ಎಣ್ಣೆ, ಈರುಳ್ಳಿ ಹಾಕಿರುತ್ತಾರೆ, ಒಗ್ಗರಣೆ ಇಲ್ಲದ ತೊವ್ವೆ ಅಂದುಕೊಳ್ಳಿ. ಅಮ್ಮ ನಾಲ್ಕು ದಿನ ಅದನ್ನೇ ತಿಂದರು. ಹೊರ್ತಾ ಅಂದರೆ ಬೇಯಿಸಿದ ಸೊಪ್ಪು, ನಿಂಬೆಹಣ್ಣು ಹಿಂಡಿಕೊಂಡು ತಿನ್ನುವುದು. ಯಿಗಾಂದೆಸ್ ಅಂದರೆ ಟೊಮೆಟೊದಲ್ಲಿ ಬೇಯಿಸಿದ ದೊಡ್ಡ ದೊಡ್ಡ ಬಿಳಿ ಕಾಳು. ದಾಕೊಸ್ ಕ್ರೀಟ್‌ನದೇ ತಿಂಡಿ, ಬಾರ್ಲಿಯ ಗಟ್ಟಿ ರಸ್ಕಿನ ಮೇಲೆ ತುರಿದ ಟೊಮೆಟೊ, ಚೀಸ್, ಎಣ್ಣೆ. ಎಣ್ಣೆ ಎಷ್ಟು ಅಂದರೆ ತಟ್ಟೆಯಲ್ಲಿ ನಿಂತಿರುತ್ತದೆ. ಹಾನ್ಯಾ ಕಡೆ ಬುರೇಕಿ ಸಿಗುತ್ತದೆ, ಆಲೂಗಡ್ಡೆ, ಜುಕಿನಿ, ಚೀಸ್, ಪುದೀನ ಪದರ ಪದರವಾಗಿ ಹಾಕಿ ಬೇಯಿಸಿದ್ದು. ಯೆಮಿಸ್ತಾ ಅಂದರೆ ಅನ್ನ ತುಂಬಿದ ಟೊಮೆಟೊ, ಕ್ಯಾಪ್ಸಿಕಂ. ಇದರಲ್ಲಿ ಕೆಲವರು ಮಾಂಸದ ಕಿಮಾ ಸೇರಿಸುತ್ತಾರೆ. ಗ್ರೀಕಿನಲ್ಲೂ ಅದಕ್ಕೆ ಕಿಮಾ ಅಂತಲೇ ಹೆಸರು, ಹಾಗಾಗಿ 'ಹೊರೀಸ್ ಕಿಮಾ' ಅಂದರೆ ಕೆಲಸ ಆಗುತ್ತದೆ. ಹೊರೀಸ್ ಅಂದರೆ ಇಲ್ಲದೆ. 'ಹೊರೀಸ್ ಕ್ರೇಯಸ್' ಮಾಂಸ ಬೇಡ, 'ಹೊರೀಸ್ ಪ್ಸಾರಿ' ಮೀನು ಬೇಡ. ತುಂಬಾ ಕಟ್ಟುನಿಟ್ಟಿನವರು ಗಮನಿಸಿ, ಅಲ್ಲಿನ ಎಷ್ಟೋ ಚೀಸ್‌ಗಳಿಗೆ ಹಾಲು ಒಡೆಯಲು ಪ್ರಾಣಿಗಳ ಮರಿಯ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ.

ಒಂದು ಗಮ್ಮತ್ತಿನ ವಿಷಯ. ಗ್ರೀಕಿನಲ್ಲಿ 'ನೆ' ಅಂದರೆ ಹೌದು. ಹಿಂದಿ ಕೇಳಿದ ಕಿವಿಗೆ ಅದು ಇಲ್ಲ ಅಂದ ಹಾಗೆ ಕೇಳಿಸುತ್ತದೆ. 'ಇದರಲ್ಲಿ ಮಾಂಸ ಇದೆಯಾ' ಅಂತ ಕೇಳಿದಾಗ ಅವರು 'ನೆ, ನೆ' ಅಂದರೆ ಖುಷಿಯಾಗಿ ಬಾಯಿಗೆ ಹಾಕಿಕೊಂಡೀರಿ. ಇಲ್ಲ ಅನ್ನಲು 'ಒಹಿ'.

ಮೊಸರು ಅಲ್ಲಿ ದೇವರು ಕೊಟ್ಟ ವರ. ಕುರಿ, ಆಡಿನ ಹಾಲಿನದು ಮಕ್ಕಳಿಗೆ ವಾಸನೆ ಅನ್ನಿಸಬಹುದು, ಡಬ್ಬದ ಮೇಲೆ ಹಸುವಿನ ಚಿತ್ರ ನೋಡಿ ತೆಗೆದುಕೊಳ್ಳಿ. ಎಷ್ಟು ಗಟ್ಟಿ ಅಂದರೆ ಚಮಚ ನಿಲ್ಲುತ್ತದೆ, ನೀರು ಹಾಕಿ ಸಡಿಲ ಮಾಡಿಕೊಂಡು ಅನ್ನಕ್ಕೆ ಕಲಸಿ. ಅಕ್ಕಿ ಸೂಪರ್‌ಮಾರ್ಕೆಟ್ಟಿನಲ್ಲಿ ಸಿಗುತ್ತದೆ, ಕರೊಲಿನಾ ಅಂತ ಬರೆದಿರುವುದು ಮೆತ್ತಗೆ ಬೇಯುತ್ತದೆ. ಊರಿನಿಂದ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಅವಲಕ್ಕಿ, ಉಪ್ಪಿನಕಾಯಿ ಒಯ್ಯಿರಿ. ತುಪ್ಪ, ಹಾಲಿನ ಪುಡಿ, ಪೇಡ ಒಯ್ಯಬೇಡಿ, ಹೊರಗಿನ ಹಾಲಿನ ಪದಾರ್ಥಗಳನ್ನು ಯುರೋಪಿಯನ್ ಯೂನಿಯನ್ ಒಳಗೆ ಬಿಡುವುದಿಲ್ಲ. ಹಸಿ ಕರಿಬೇವಿಗೂ ಅದೇ ಗತಿ, ಒಣಗಿಸಿ ಪುಡಿ ಮಾಡಿಕೊಳ್ಳಿ.

ಊಟ ಮುಗಿದ ಮೇಲೆ ಬಿಲ್ ಜೊತೆ ಹಣ್ಣೋ ಸಿಹಿಯೋ ಒಂದಿಷ್ಟು, ಪುಟ್ಟ ಬಾಟಲಿಯಲ್ಲಿ ನೀರಿನಂಥದ್ದೊಂದು ತಂದಿಡುತ್ತಾರೆ. ಹಣ ಕೇಳುವುದಿಲ್ಲ. ಆದರೆ ಅದು ನೀರಲ್ಲ, ರಾಕಿ ಅನ್ನುವ ಸಾರಾಯಿ. ಮಕ್ಕಳ ಕೈಗೆ ಸಿಗದ ಹಾಗೆ ಎತ್ತಿಡಿ.

ಸಮುದ್ರದ ಹತ್ತಿರ

ನಮ್ಮ ಕರಾವಳಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಭರತ-ಇಳಿತ ಅಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಬೆಳಿಗ್ಗೆ ಇಟ್ಟ ಚಪ್ಪಲಿ ಸಂಜೆಗೂ ಒಣಗೇ ಇರುತ್ತದೆ. ಉಪ್ಪು ಅರಬ್ಬಿ ಸಮುದ್ರಕ್ಕಿಂತ ಜಾಸ್ತಿ. ಮೈ ಹಗುರವಾಗಿ ತೇಲುತ್ತದೆ, ಆದರೆ ಕಣ್ಣಿಗೆ ಹೋದರೆ ಮಕ್ಕಳು ಊರು ಒಂದು ಮಾಡುತ್ತವೆ, ಈಜು ಕನ್ನಡಕ ಮರೆಯಬೇಡಿ.

ತಿಳಿನೀರು ನೋಡಿ ಅಪಾಯ ಇಲ್ಲ ಅಂದುಕೊಳ್ಳುವುದು ದೊಡ್ಡ ತಪ್ಪು. ಉತ್ತರದ ಗಾಳಿ ಬೀಸಿದ ದಿನ ರೆಥಿಮ್ನೊ, ಅದರ ಪಶ್ಚಿಮಕ್ಕಿರುವ ಜಾರ್ಜಿಯೂಪೊಲಿ ದಂಡೆಗಳಲ್ಲಿ ಅಲೆ ಏಳುತ್ತದೆ, ಒಳಕ್ಕೆ ಎಳೆಯುವ ಸೆಳೆತವೂ ಇರುತ್ತದೆ. ಕೆಂಪು ಬಾವುಟ ಹಾರಿದರೆ ನೀರಿಗೆ ಇಳಿಯಬೇಡಿ, ಅಷ್ಟೇ. 'ಮೊಣಕಾಲುದ್ದ ಮಾತ್ರ' ಅನ್ನುವ ರಾಜಿ ಬೇಡ. ಆ ದಿನ ಹಳೇ ಬಂದರಿನ ಕಡೆ ನಡೆದುಕೊಂಡು ಹೋಗಿ ದೋಣಿ ನೋಡಿ. ಬಂಡೆ ಇರುವ ಕಡೆ ಮುಳ್ಳುಮುಳ್ಳಾದ ಚೆಂಡಿನಂಥ ಜೀವಿಗಳು (ಸೀ ಅರ್ಚಿನ್) ಅಂಟಿಕೊಂಡಿರುತ್ತವೆ, ಮೆಟ್ಟಿದರೆ ಮುಳ್ಳು ಪಾದದೊಳಗೇ ಮುರಿಯುತ್ತದೆ. ನೀರಿಗೆ ಹಾಕುವ ರಬ್ಬರ್ ಬೂಟು ಎಲ್ಲರಿಗೂ ಇರಲಿ.

ದಂಡೆ ಸಾರ್ವಜನಿಕ. ಛತ್ರಿ, ಮಂಚಕ್ಕೆ ಬಾಡಿಗೆ ಇರುತ್ತದೆ, ಬೇಡ ಅಂದರೆ ಖಾಲಿ ಜಾಗದಲ್ಲಿ ಸುಮ್ನೆ ಟವೆಲ್ ಹಾಸಿ ಕೂರಬಹುದು. ಹಿರಿಯರಿದ್ದರೆ ಮಾತ್ರ ಛತ್ರಿಗೆ ಜಿಪುಣತನ ಮಾಡಬೇಡಿ. ಅಮ್ಮ ಸೀರೆ ಉಟ್ಟು ನೆರಳಲ್ಲಿ ಕೂತು ಕಡಲೆ ಬಿಡಿಸುತ್ತಿದ್ದರು, ಯಾರೂ ತಿರುಗಿ ನೋಡಲಿಲ್ಲ. ಸುತ್ತಮುತ್ತ ಮೈಮೇಲೆ ಬಟ್ಟೆ ಕಡಿಮೆ ಇರುವವರು ಇರುತ್ತಾರೆ, ಅಮ್ಮನೂ ಯಾರನ್ನೂ ತಿರುಗಿ ನೋಡಲಿಲ್ಲ. ಮರಳಿನಲ್ಲಿ ಅಲ್ಲಲ್ಲಿ ಸಣ್ಣ ಪಂಜರ ಇಟ್ಟಿದ್ದರೆ ಅದು ಕಡಲಾಮೆಯ ಗೂಡು. ಬೇಸಿಗೆಯಲ್ಲಿ ಆ ದಂಡೆಗೆ ಬಂದು ಮೊಟ್ಟೆ ಇಡುತ್ತವೆ. ಮಕ್ಕಳಿಗೆ ತೋರಿಸಿ, ಮುಟ್ಟಲು ಬಿಡಬೇಡಿ.

ಸುತ್ತಾಟ: ಮೂರು ದಿನ, ಅದಕ್ಕಿಂತ ಜಾಸ್ತಿ ಬೇಡ

ಒಂದು ದಿನ ಕ್ನೋಸೋಸ್. ಇಂಗ್ಲೆಂಡಿನ ಪುರಾತತ್ವಜ್ಞ ಆರ್ಥರ್ ಇವಾನ್ಸ್ 1900ರಿಂದ ಅಗೆಸಿ ಹೊರತೆಗೆದ, ಕ್ರೀಟ್‌ನ ಪ್ರಾಚೀನ ಜನ ಮಿನೋಅನ್ನರ ಅರಮನೆ, ಹೆರಾಕ್ಲಿಯಾನ್‌ನಿಂದ ಐದು ಕಿಲೋಮೀಟರ್. ಹಿಂದಿನ ರಾತ್ರಿ ಮಕ್ಕಳಿಗೆ ಗೂಳಿ ತಲೆಯ ಮಿನೋಟಾರ್, ಹೊರಬರಲಾಗದ ಚಕ್ರವ್ಯೂಹದ ಕಥೆ ಹೇಳಿಡಿ. ಇಲ್ಲದಿದ್ದರೆ ಅವರಿಗೆ ಅದು ಬರೀ ಕಲ್ಲು. ನೆರಳು ಕಡಿಮೆ, ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ಅಲ್ಲಿಂದ ಹೆರಾಕ್ಲಿಯಾನ್ ಊರಿನ ಮ್ಯೂಸಿಯಂ. ಓಡಿ ಬರುವ ಹೋರಿಯ ಬೆನ್ನ ಮೇಲೆ ಲಾಗ ಹಾಕುವ ಚಿತ್ರ ಅಲ್ಲಿದೆ. ನಮ್ಮ ಮಾವನವರ ಊರು ಹಾವೇರಿ ಕಡೆ, ಹೋರಿ ಬೆದರಿಸುವುದನ್ನು ನೋಡಿದ ಮಗ ಆ ಚಿತ್ರದ ಮುಂದಿನಿಂದ ಏಳಲೇ ಇಲ್ಲ.

ಇನ್ನೊಂದು ದಿನ ಹಾನ್ಯಾದ ಹಳೇ ಬಂದರು, ಬಸ್ಸಿನಲ್ಲಿ ಒಂದು ಗಂಟೆ ಚಿಲ್ಲರೆ. ಮೂರನೆಯದು ಕುರ್ನಾಸ್ ಕೆರೆ, ಬೆಟ್ಟದ ಬುಡದ ಸಿಹಿನೀರು. ಪೆಡಲ್ ದೋಣಿ, ಬಾತುಕೋಳಿ ಇಷ್ಟೇ ಇರುವುದು, ಚಿಕ್ಕವಳು ಇಡೀ ರಜೆಯಲ್ಲಿ ನೆನಪಿಟ್ಟುಕೊಂಡದ್ದು ಅದನ್ನೇ.

ಬಿಡಬೇಕಾದದ್ದೂ ಹೇಳುತ್ತೇನೆ. ಗುಲಾಬಿ ಮರಳಿನ ಎಲಾಫೊನಿಸಿ ತುಂಬಾ ಚೆಂದ, ಆದರೆ ರೆಥಿಮ್ನೊದಿಂದ ಹೋಗಲು ಎರಡು ಗಂಟೆಗೂ ಜಾಸ್ತಿ, ಬರಲು ಅಷ್ಟೇ, ಕೊನೆಯ ಭಾಗ ಬರೀ ತಿರುವು. ವಾಂತಿ ಮಾತ್ರೆ ಇಲ್ಲದೆ ಹೊರಡಬೇಡಿ. ಸಮಾರಿಯಾ ಕಣಿವೆ 16 ಕಿಲೋಮೀಟರ್ ನಡಿಗೆ, ಮಕ್ಕಳು ದೊಡ್ಡವರಾದ ಮೇಲೆ ನೋಡೋಣ. ಬಾಲೊಸ್ ಬೀಚಿಗೆ ಬಾಡಿಗೆ ಕಾರಿನಲ್ಲಿ ಹೋಗಬೇಡಿ, ಕಚ್ಚಾ ರಸ್ತೆಯಲ್ಲಿ ಆದ ಹಾನಿಗೆ ವಿಮೆ ಸಾಮಾನ್ಯವಾಗಿ ಸಿಗುವುದಿಲ್ಲ, ಕಿಸಾಮೊಸ್ ಬಂದರಿನಿಂದ ದೋಣಿ ಇದೆ.

ಉಳಿದ ಚಿಲ್ಲರೆ ವಿಷಯ. ಟಾಯ್ಲೆಟ್ ಪೇಪರನ್ನು ಕಮೋಡಿಗೆ ಹಾಕುವ ಹಾಗಿಲ್ಲ, ಅಲ್ಲಿನ ಪೈಪುಗಳು ಸಪೂರ, ಪಕ್ಕದ ಬುಟ್ಟಿಗೆ ಹಾಕಬೇಕು. ಜೆಟ್ ಸ್ಪ್ರೇ ಅಪರೂಪ, ಊರಿಂದಲೇ ಒಂದು ಪ್ಲಾಸ್ಟಿಕ್ ಚೊಂಬು ಒಯ್ಯಿರಿ, ನಾಚಿಕೆ ಏನೂ ಬೇಡ. ನಮ್ಮ ಎರಡು ಪಿನ್ನಿನ ಚಾರ್ಜರ್ ಅಲ್ಲಿನ ಪ್ಲಗ್ಗಿಗೆ ಹೊಂದುತ್ತದೆ, ಮೂರು ಪಿನ್ನಿನದಕ್ಕೆ ಅಡಾಪ್ಟರ್ ಬೇಕು. ಕಾರ್ಡ್ ಉಜ್ಜುವಾಗ 'ರೂಪಾಯಿಯಲ್ಲಾ, ಯೂರೊದಲ್ಲಾ' ಅಂತ ಯಂತ್ರ ಕೇಳಿದರೆ ಯೂರೊ ಒತ್ತಿ, ರೂಪಾಯಿ ಒತ್ತಿದರೆ ಕೆಟ್ಟ ದರ ಹಾಕುತ್ತಾರೆ. ಮಧ್ಯಾಹ್ನ ಮೂರರಿಂದ ಐದೂವರೆಯವರೆಗೆ ಅಲ್ಲಿನವರು ಮಲಗುವ ಹೊತ್ತು, ಬಾಲ್ಕನಿಯಲ್ಲಿ ಮಕ್ಕಳ ಗಲಾಟೆ ಬೇಡ. ಏನಾದರೂ ಎಡವಟ್ಟಾದರೆ 112.

ಕೊನೆಯ ದಿನಕ್ಕೊಂದು ಉಪಾಯ. ರೂಮನ್ನು ಹನ್ನೊಂದಕ್ಕೆಲ್ಲ ಖಾಲಿ ಮಾಡಿಸುತ್ತಾರೆ, ಹಡಗು ಇರುವುದು ರಾತ್ರಿಗೆ. ಬ್ಯಾಗನ್ನು ರಿಸೆಪ್ಷನ್‌ನಲ್ಲಿ ಇಟ್ಟು ಮತ್ತೆ ಸಮುದ್ರಕ್ಕೆ ಹೋಗಬಹುದು, ಈಜುಕೊಳದ ಪಕ್ಕದ ಶವರ್ ಬಳಸಲು ಕೇಳಿದರೆ ಬೇಡ ಅನ್ನುವವರು ಕಡಿಮೆ. ಎಲ್ಲರ ಒಂದೊಂದು ಜೊತೆ ಒಣಬಟ್ಟೆ, ಒಂದು ಟವೆಲ್, ಒದ್ದೆ ಬಟ್ಟೆ ತುಂಬಲು ಎರಡು ದಪ್ಪ ಕವರ್ ಸೂಟ್‌ಕೇಸಿನಲ್ಲಿ ಮೇಲೇ ಇರಲಿ. ನಾವು ಅದನ್ನು ತಳದಲ್ಲಿ ಹಾಕಿ, ರಿಸೆಪ್ಷನ್ ಮುಂದೆ ಚಟ್ನಿಪುಡಿ ಡಬ್ಬಿ ಸಮೇತ ಎಲ್ಲ ಹರವಿಕೊಂಡು ಕೂತಿದ್ದೆವು.